ಪಿನ್ನರ್‌ನಲ್ಲೊಂದು ಧನ್ಯವಾದದ ಗುರುವಾರ

ಕೆಂಟನ್

ಆ ಗುರುವಾರ ಲಂಡನ್ನಿನಲ್ಲಿ ಯಾರಿಗೂ ರಜೆ ಇರಲಿಲ್ಲ. ಶಾಲೆ, ಅಂಗಡಿ, ಬಸ್ಸು ಎಲ್ಲವೂ ಎಂದಿನಂತೆ ನಡೆದಿದ್ದವು. ಗುಳೇದಗುಡ್ಡದಿಂದ ಬಂದ ನನಗೆ ಮಾತ್ರ ಅದು ಹಬ್ಬ. ಹಬ್ಬವೋ ನನ್ನದಲ್ಲ, ಇಂಗ್ಲಿಷರದ್ದೂ ಅಲ್ಲ. ನವೆಂಬರಿನ ನಾಲ್ಕನೆಯ ಗುರುವಾರ ಅಮೆರಿಕದವರು ದೇವರಿಗೆ ಧನ್ಯವಾದ ಹೇಳುವ ದಿನ ಅದು. ಅವರದನ್ನು ಥ್ಯಾಂಕ್ಸ್‌ಗಿವಿಂಗ್ ಅನ್ನುತ್ತಾರೆ. ಅವರ ಹಬ್ಬ, ಇವರ ಊರು, ನಡುವೆ ನಾನು. ಹಿಂದಿನ ಸೋಮವಾರ ವಿಮಾನ ಇಳಿದಾಗಿನಿಂದ ನನ್ನ ಎದೆ ಒಂದು ಕ್ಷಣ ನಿಂತಲ್ಲಿ ನಿಂತಿರಲಿಲ್ಲ.

ಯಾಕೆಂದು ಹೇಳುತ್ತೇನೆ. ನನಗೆ ಮೂರು ವರ್ಷವಾಗಿದ್ದಾಗ ಪೋಲಿಯೊ ಬಂದು ಬಲಗಾಲು ಸೋತಿತು. ಆರು ವರ್ಷದವರೆಗೂ ನಾನು ತೆವಳಿಕೊಂಡೇ ಬೆಳೆದೆ. ನಮ್ಮಪ್ಪ ಖಣ ನೇಯುವವರು. ಅವರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗದಗಿನ ಕಡೆಯ ಒಂದು ಮಿಶನ್ ಆಸ್ಪತ್ರೆಗೆ ಹೋದರು. ಅಲ್ಲಿ ಅಮೆರಿಕದಿಂದ ಬಂದ ರೂತ್ ಎಂಬ ತರುಣಿ ಇದ್ದಳು. ಮಕ್ಕಳ ಕೈಕಾಲಿಗೆ ವ್ಯಾಯಾಮ ಮಾಡಿಸಿ ನಡೆಸುವುದು ಅವಳ ಕೆಲಸ. ಎಲ್ಲರೂ ಅವಳನ್ನು ರೂತ್ ಮಿಸ್ಸಮ್ಮ ಅನ್ನುತ್ತಿದ್ದರು. ಎಂಟು ತಿಂಗಳು, ದಿನಾ ಬೆಳಿಗ್ಗೆ, ಅವಳು ನನ್ನನ್ನು ಎರಡು ಮರದ ಕಂಬಿಗಳ ನಡುವೆ ನಿಲ್ಲಿಸಿ ನಡೆಸಿದಳು. ಕೊನೆಗೊಂದು ದಿನ ಕಂಬಿ ಬಿಟ್ಟು ಹನ್ನೊಂದು ಹೆಜ್ಜೆ ಹಾಕಿದೆ. ಅದಾದ ವಾರಕ್ಕೇ ಊರಿನಿಂದ ಅಜ್ಜಿಯ ಸಾವಿನ ಸುದ್ದಿ ಬಂತು. ಮಿಸ್ಸಮ್ಮ ರಜೆಯ ಮೇಲೆ ಊಟಿಗೆ ಹೋಗಿದ್ದಳು. ನಾವು ಹಾಗೆಯೇ ಹೊರಟುಬಿಟ್ಟೆವು. ನಾನು ಕಾಗದ ಬರೆಯುವಷ್ಟು ದೊಡ್ಡವಳಾಗುವ ಹೊತ್ತಿಗೆ ಅವಳು ದೇಶ ಬಿಟ್ಟು ಹೋಗಿದ್ದಳು.

ಆಮೇಲೆ ನಾನು ಕಾಲಿಗೆ ಕಬ್ಬಿಣದ ಆಸರೆ, ಕ್ಯಾಲಿಪರ್, ಕಟ್ಟಿಕೊಂಡು ಓದಿದೆ, ಶಿಕ್ಷಕಿಯಾದೆ, ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತು ಪಾಠ ಹೇಳಿದೆ. ನಿಂತು! ಕೂತಲ್ಲ. ಆ ಒಂದು ಪದಕ್ಕೆ ಯಾರಿಗೆ ಋಣಿ ಎಂದು ಗೊತ್ತಿದ್ದರೂ ಹೇಳಲು ಅವಳು ಎಲ್ಲಿದ್ದಾಳೆಂದು ಗೊತ್ತಿರಲಿಲ್ಲ. ಕಳೆದ ವರ್ಷ ಆ ಆಸ್ಪತ್ರೆಯ ಹಳೆಯ ನರ್ಸ್ ಒಬ್ಬರು ಮದುವೆಯೊಂದರಲ್ಲಿ ಸಿಕ್ಕು, "ರೂತ್ ಮಿಸ್ಸಮ್ಮ ಬದುಕ್ಯಾರ. ಇಂಗ್ಲಿಷರವನ್ನ ಮದುವಿ ಆಗಿ ಲಂಡನ್ನಿನ್ಯಾಗ ಅದಾರ. ಕ್ರಿಸ್‌ಮಸ್ಸಿಗೆ ನನಗ ಕಾರ್ಡ್ ಬರತೈತಿ," ಎಂದು ವಿಳಾಸ ಕೊಟ್ಟರು. ವಿಳಾಸದಲ್ಲಿ ಪಿನ್ನರ್ ಎಂದಿತ್ತು. ನನ್ನ ತಂಗಿಯ ಮಗಳು ವೀಣಾ ಇರುವುದು ಕೆಂಟನ್‌ನಲ್ಲಿ, ಅಲ್ಲಿಂದ ಒಂದೇ ಬಸ್ಸಿನ ದೂರ.

ವೀಣಾ ಒಬ್ಬ ಜಿಪಿಯ, ಅಂದರೆ ಬಡಾವಣೆಯ ಡಾಕ್ಟರ, ಬಳಿ ರಿಸೆಪ್ಷನಿಸ್ಟ್. ಅವಳ ಗಂಡ ರಘು ಕುಂದಾಪುರದವನು, ರೆಸ್ಟೋರೆಂಟ್ ಒಂದರಲ್ಲಿ ಅಡುಗೆ ಅವನ ಕೈಯಲ್ಲಿ. ಮಿಸ್ಸಮ್ಮನ ಮಗಳು ಹೆಲೆನ್ ಜೊತೆ ಫೋನಿನಲ್ಲಿ ಮಾತಾಡಿದವಳು ವೀಣಾನೇ. ಮಾತು ಮುಗಿಸಿದಾಗ ಅವಳ ಮುಖ ಸ್ವಲ್ಪ ಇಳಿದಿತ್ತು.

"ದೊಡ್ಡವ್ವ, ಅವರಿಗೆ ಮರೆವು ಬಂದದ ಅಂತ. ಕೆಲವು ದಿನ ಮಗಳ ಗುರ್ತನೂ ಹತ್ತೂದಿಲ್ಲಂತ. ಆದ್ರ ಥ್ಯಾಂಕ್ಸ್‌ಗಿವಿಂಗ್ ದಿನ ಮಾತ್ರ ಫ್ರೆಶ್ ಆಗಿ ಎದ್ದು ಕೂಡ್ತಾರಂತ. ಅವತ್ತು ಚರ್ಚಿಗೆ ಬರ್ರಿ, ಆಮ್ಯಾಲ ಮನಿಗೆ ಊಟಕ್ಕ ಬರ್ರಿ ಅಂದ್ರು. ಪ್ರಾಮಿಸ್ ಮಾತ್ರ ಮಾಡೂದಿಲ್ಲ ಅಂದ್ರು."

"ನನ್ನ ಗುರ್ತು ಹತ್ತೂದು ಬ್ಯಾಡ," ಅಂದೆ. "ನನ್ನ ಮಾತು ಕಿವಿಗೆ ಬಿದ್ರ ಸಾಕು."

ಹಾಗೆ ಅಂದೆನೇ ಹೊರತು ನನಗೆ ಅದು ಸಾಕಾಗುವುದಿಲ್ಲವೆಂದು ಒಳಗೇ ಗೊತ್ತಿತ್ತು.

ರಾದರ್‌ಹೈತ್

ಗುರುವಾರಕ್ಕೆ ಇನ್ನೂ ಎರಡು ದಿನವಿತ್ತು. ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. "ಈ ಹಬ್ಬದ ಮೂಲ ಎಲ್ಲೈತಿ?" ಎಂದು ಕೇಳಿದೆ. ವೀಣಾ ಫೋನ್ ನೋಡಿ ನಕ್ಕಳು. ಹಬ್ಬ ಅಮೆರಿಕದ್ದಾದರೂ ಅದನ್ನು ಶುರುಮಾಡಿದವರ ಹಡಗು, ಮೇಫ್ಲವರ್, ಹೊರಟದ್ದು ಇದೇ ಲಂಡನ್ನಿನ ನದಿ ದಂಡೆಯಿಂದ. ಬುಧವಾರ ರಜೆ ಹಾಕಿ ಕರೆದುಕೊಂಡು ಹೋದಳು.

ನೆಲದಡಿಯ ರೈಲಿನ, ಅಂದರೆ ಟ್ಯೂಬಿನ, ಎಸ್ಕಲೇಟರ್ ನನ್ನ ಮೊದಲ ಪರೀಕ್ಷೆ. ಲಿಫ್ಟ್ ಹುಡುಕೋಣ ಎಂದು ವೀಣಾ ಅಂದರೂ ಹಟಕ್ಕೆ ಬಿದ್ದೆ. ಕ್ಯಾಲಿಪರ್ ಕಟ್ಟಿದ ಕಾಲನ್ನು ಓಡುವ ಮೆಟ್ಟಿಲಿನ ಮೇಲೆ ಇಡುವುದು ಹೇಗೆ? ಕಾಲು ಮುಂದೆ ಮಾಡುತ್ತೇನೆ, ಮೆಟ್ಟಿಲು ಹೋಗಿಬಿಡುತ್ತದೆ. ಮತ್ತೆ ಮಾಡುತ್ತೇನೆ, ಮತ್ತೆ ಹೋಗುತ್ತದೆ. ಹಿಂದೆ ತಿರುಗಿ ನೋಡಿದರೆ ಇಪ್ಪತ್ತು ಇಪ್ಪತ್ತೈದು ಜನ ಸಾಲಾಗಿ ನಿಂತಿದ್ದಾರೆ! ಒಬ್ಬರೂ ಚಕಾರವೆತ್ತಲಿಲ್ಲ. ಗಡಿಯಾರ ನೋಡಿದರು, ಮೇಲೆ ನೋಡಿದರು, ನನ್ನನ್ನು ಮಾತ್ರ ನೋಡಲಿಲ್ಲ. ಹುಬ್ಬಳ್ಳಿ ಬಸ್ ನಿಲ್ದಾಣವಾಗಿದ್ದರೆ ಇಷ್ಟೊತ್ತಿಗೆ ಇಬ್ಬರು ಬೈದು, ಮೂವರು ಸಲಹೆ ಕೊಟ್ಟು, ನಾಲ್ಕನೆಯವರು ಎತ್ತಿ ಮೇಲಿಟ್ಟು ಹೋಗಿರುತ್ತಿದ್ದರು. ಯಾವುದು ಹೆಚ್ಚು ಒಳ್ಳೆಯದೆಂದು ಈಗಲೂ ಹೇಳಲಾರೆ. ಕೊನೆಗೆ ನಾನೇ "ಸಾರಿ" ಎಂದೆ. ಕೂಡಲೇ ಇಡೀ ಸಾಲು "ಸಾರಿ, ಸಾರಿ" ಎಂದಿತು. ಎಡಗಾಲು ಮೊದಲಿಟ್ಟು ಹತ್ತಿದೆ. ಕೆಳಗಿಳಿದಾಗ ಹತ್ತನೇ ತರಗತಿ ಪಾಸಾದಷ್ಟು ಖುಷಿ.

ರಾದರ್‌ಹೈತ್‌ನಲ್ಲಿ ನದಿಯ ಬದಿಗೆ ಇಟ್ಟಿಗೆಯ ಹಳೆಯ ಚರ್ಚು. ಆ ಹಡಗಿನ ಕ್ಯಾಪ್ಟನ್ನನ್ನು ಹೂಳಿದ್ದು ಅಲ್ಲೇ. ಒಳಗೆ ಸ್ವೆಟರ್ ತೊಟ್ಟ ಮುದುಕರೊಬ್ಬರು ಬಂದವರಿಗೆ ಕಥೆ ಹೇಳಲು ಕೂತಿದ್ದರು. ಆ ಹೊತ್ತಿಗೆ ಬಂದವರೆಂದರೆ ನಾವಿಬ್ಬರೇ. ಅವರು ಹೇಳಿದ್ದನ್ನು ವೀಣಾ ನನಗೆ ಕನ್ನಡದಲ್ಲಿ ಹೇಳುತ್ತ ಹೋದಳು.

ನಾನೂರು ವರ್ಷದ ಹಿಂದೆ ಇಲ್ಲಿನ ಸರ್ಕಾರಿ ಚರ್ಚಿನ ರೀತಿ ಒಗ್ಗದ ಕೆಲವು ಕ್ರೈಸ್ತರು ತಮ್ಮ ರೀತಿಯಲ್ಲಿ ದೇವರನ್ನು ಪ್ರಾರ್ಥಿಸಲು ಜಾಗ ಹುಡುಕಿಕೊಂಡು ಹೊರಟರು. ಹಡಗಿನಲ್ಲಿ ಎಲ್ಲರೂ ಭಕ್ತರೇನಲ್ಲ, ಕೆಲಸ ಹುಡುಕಿ ಹೋದವರೂ ಇದ್ದರು. ಅಮೆರಿಕದ ದಡ ಮುಟ್ಟಿದ ಮೊದಲ ಚಳಿಗಾಲದಲ್ಲಿ ಅರ್ಧದಷ್ಟು ಜನ ಸತ್ತರು. ಉಳಿದವರಿಗೆ ಅಲ್ಲಿನ ಮೂಲ ನಿವಾಸಿಗಳು ಮೆಕ್ಕೆಜೋಳ ಬಿತ್ತುವುದನ್ನು ತೋರಿಸಿಕೊಟ್ಟರು. ಮರುವರ್ಷ ಬೆಳೆ ಬಂದಾಗ ಅವರೂ ಇವರೂ ಕೂಡಿ ಮೂರು ದಿನ ಉಂಡರು.

"ಆದರೆ ಅದನ್ನು ಅವರು ಧನ್ಯವಾದದ ದಿನ ಎಂದು ಕರೆಯಲಿಲ್ಲ," ಎಂದು ಮುದುಕರು ಬೆರಳೆತ್ತಿದರು. "ಅವರ ಪಾಲಿಗೆ ಧನ್ಯವಾದದ ದಿನವೆಂದರೆ ಊಟವಲ್ಲ, ಪ್ರಾರ್ಥನೆ. ಮಳೆ ಬಂದರೆ, ಹಡಗು ಬಂದರೆ ಒಂದು ದಿನ ಗೊತ್ತುಮಾಡಿ ದೇವರ ಮುಂದೆ ಕೂರುತ್ತಿದ್ದರು. ಊಟ, ಪ್ರಾರ್ಥನೆ ಎರಡೂ ಕೂಡಿಕೊಂಡದ್ದು ಬಹಳ ತಡವಾಗಿ. ಅಮೆರಿಕದಲ್ಲಿ ಅಣ್ಣತಮ್ಮಂದಿರೇ ಬಡಿದಾಡುತ್ತಿದ್ದ ಯುದ್ಧದ ನಡುವೆ ಅವರ ಅಧ್ಯಕ್ಷರು, ಇಡೀ ದೇಶ ವರ್ಷಕ್ಕೊಂದು ದಿನ ಧನ್ಯವಾದ ಹೇಳಲಿ ಎಂದು ಸಾರಿದರು."

"ಜ್ವಾಳಾ ಬಿತ್ತೂದು ಕಲಿಸಿದವರು ಏನಾದ್ರು?" ಎಂದು ಕೇಳಿದೆ.

ವೀಣಾ ಅದನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಮುದುಕರು ಕನ್ನಡಕ ತೆಗೆದರು. "ನೆಲ ಕಳೆದುಕೊಂಡರು. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಕೆಲವರು ಅದೇ ಗುರುವಾರ ಶೋಕ ಆಚರಿಸುತ್ತಾರೆ. ನೀವು ಕೇಳಿದ್ದು ಒಳ್ಳೆಯದಾಯಿತು, ಹೆಚ್ಚಿನವರು ಕೇಳುವುದಿಲ್ಲ."

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು ಅವರಿಗೆ ಹೇಳಿದೆ. ನಾವು ಉಣ್ಣುವ ಮೊದಲು ಬೆಳೆ ಕೊಟ್ಟ ಭೂಮಿಗೆ ಅಡುಗೆಯ ತುತ್ತು ಎರಚುತ್ತೇವೆ ಎಂದೆ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ, ಕೈಯಾಡಿಸಿ ತೋರಿಸಿ ಎಂದರು. ಚರ್ಚಿನ ನಡುವೆ ನಿಂತು ಬರಿಗೈಯಲ್ಲೇ ಚರಗ ಚೆಲ್ಲಿ ತೋರಿಸಿದೆ. ನೀವೂ ಈ ಹಬ್ಬ ಮಾಡುತ್ತೀರಾ ಎಂದು ವೀಣಾ ಕೇಳಿದ್ದಕ್ಕೆ, "ನಮ್ಮನ್ನು ಬಿಟ್ಟು ಹೋದದ್ದಕ್ಕೆ ಅವರು ಹಬ್ಬ ಮಾಡುತ್ತಾರೆ. ನಾವು ಯಾವ ಮುಖ ಹೊತ್ತು ಮಾಡೋಣ, ಹೇಳಿ?" ಎಂದು ಗಂಭೀರವಾಗಿಯೇ ಕೇಳಿದರು.

ಪಿನ್ನರ್, ಮೊದಲ ಚರ್ಚು

ಗುರುವಾರ ಬೆಳಿಗ್ಗೆ ಐದಕ್ಕೇ ಎದ್ದು ಕೂತಿದ್ದೆ. ಇಳಕಲ್ ಸೀರೆ, ಮೇಲೆ ವೀಣಾಳ ದಪ್ಪ ಕೋಟು, ಚೀಲದಲ್ಲಿ ಮಿಸ್ಸಮ್ಮನಿಗೆ ಒಂದು ಖಣ. ರಘು ಡಬ್ಬಿಗೆ ಹೋಳಿಗೆ ತುಂಬಿಸಿ ಕೊಟ್ಟ. "ಎಂತ ಹೆದ್ರ್‌ಬೇಡಿ ದೊಡ್ಡಮ್ಮ. ಅವ್ರಿಗೆ ನಿಮ್ಮ್ ಗುರ್ತ ಸಿಕ್ಕದಿದ್ರೂ ಹೋಳಿಗೆ ಗುರ್ತ ಸಿಕ್ಕುತ್ತ್," ಎಂದ.

ಬಸ್ಸು ಬಂತು. ನನ್ನ ಕಾಲು ನೋಡಿದ ಡ್ರೈವರಮ್ಮ ಏನೋ ಗುಂಡಿ ಒತ್ತಿದಳು. ಇಡೀ ಬಸ್ಸು ಉಸ್ಸೆಂದು ಉಸಿರುಬಿಟ್ಟು ಒಂದು ಮಗ್ಗುಲಿಗೆ ಬಾಗಿ ಫುಟ್‌ಪಾತಿನ ಮಟ್ಟಕ್ಕೆ ಇಳಿಯಿತು! ಐವತ್ತು ವರ್ಷ ಬಸ್ಸುಗಳ ಕಡೆಗೆ ನಾನು ಏರಿದ್ದೇನೆ. ಬಸ್ಸೊಂದು ನನ್ನ ಕಡೆಗೆ ಇಳಿದದ್ದು ಅದೇ ಮೊದಲು. ಹತ್ತುವುದು ಬಿಟ್ಟು ನೋಡುತ್ತ ನಿಂತೆ. ವೀಣಾ ಸೆರಗು ಹಿಡಿದು ಎಳೆದಳು.

ಪಿನ್ನರ್ ತಣ್ಣಗಿನ, ಸದ್ದಿಲ್ಲದ ಊರು. ಚರ್ಚಿನ ಮುಂದೆ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ "ಧನ್ಯವಾದದ ಆರಾಧನೆ, ಹನ್ನೊಂದು ಗಂಟೆ" ಎಂದು ಇಂಗ್ಲಿಷಿನಲ್ಲಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೇನೋ ಇತ್ತು. ಓದಲು ಪುರುಸೊತ್ತೆಲ್ಲಿ? ಒಳಗೆ ನುಗ್ಗಿದೆವು. ಬಾಗಿಲಲ್ಲೊಬ್ಬರು ಹಾಡಿನ ಹಾಳೆ ಕೊಟ್ಟರು. ಅದರ ಮೇಲೆ ಬೊಕ್ಕತಲೆಯ ಒಬ್ಬ ಮುದುಕರ ನಗುಮುಖದ ಚಿತ್ರ. ಹಬ್ಬ ಶುರುಮಾಡಿದ ಅಧ್ಯಕ್ಷರಿರಬೇಕು ಎಂದುಕೊಂಡೆ.

ಪಕ್ಕದಲ್ಲಿ ಕೂತ ಕರಿ ಟೊಪ್ಪಿಗೆಯ ಹೆಂಗಸು ನನ್ನ ಸೀರೆ ನೋಡಿ ಮೆಲ್ಲಗೆ, "ನಿಮಗೆ ಜಾರ್ಜ್ ಹೇಗೆ ಪರಿಚಯ?" ಎಂದಳು. ನನಗೆ ಪ್ರಶ್ನೆ ಸರಿಯಾಗಿ ತಿಳಿಯಲಿಲ್ಲ. ಯಾಕೆ ಬಂದಿರಿ ಎಂದು ಕೇಳಿರಬೇಕೆಂದು, ವಾರವಿಡೀ ಬಾಯಿಪಾಠ ಮಾಡಿದ್ದ ಇಂಗ್ಲಿಷ್ ವಾಕ್ಯ ಹೇಳಿಬಿಟ್ಟೆ: "ನಾನು ಧನ್ಯವಾದ ಹೇಳಲೆಂದೇ ಇಂಡಿಯಾದಿಂದ ಬಂದಿದ್ದೇನೆ."

ಆಕೆ ಬಾಯಿಗೆ ಕೈ ಒತ್ತಿ ಬಿಕ್ಕಿಬಿಕ್ಕಿ ಅತ್ತಳು. ಹಿಂದಿನ ಸಾಲಿಗೆ ಹೇಳಿದಳು, ಮುಂದಿನ ಸಾಲಿಗೆ ಹೇಳಿದಳು. ಒಬ್ಬೊಬ್ಬರೇ ಬಂದು ನನ್ನ ಕೈ ಹಿಡಿದರು. ಒಬ್ಬರು ನಮ್ಮನ್ನು ಎಬ್ಬಿಸಿ ಮೊದಲನೆಯ ಸಾಲಿಗೆ, ಮನೆಯವರ ನಡುವೆ, ಕೂರಿಸಲು ಹೊರಟರು. ಎಷ್ಟು ಒಳ್ಳೆಯ ಜನ, ನನ್ನ ಒಂದು ಮಾತಿಗೆ ಇಷ್ಟು ಕರಗುತ್ತಾರಲ್ಲ ಎಂದು ನನಗೂ ಕಣ್ಣೀರು ಬಂತು. ಅಷ್ಟರಲ್ಲಿ ವೀಣಾ ಹಾಳೆ ಓದಿ ಬೆಚ್ಚಿಬಿದ್ದಳು.

"ದೊಡ್ಡವ್ವ, ಏಳು! ಇದು ಬ್ಯಾರೇ ಥ್ಯಾಂಕ್ಸ್‌ಗಿವಿಂಗ್. ಈ ಚಿತ್ರದವರು ತೀರಿಕೊಂಡಾರ!"

ಇಲ್ಲಿ ಸತ್ತವರ ನೆನಪಿನ ಪ್ರಾರ್ಥನೆಗೂ, ಆ ಬಾಳಿಗಾಗಿ ದೇವರಿಗೆ ಧನ್ಯವಾದ ಎಂಬರ್ಥದಲ್ಲಿ, ಅದೇ ಹೆಸರಂತೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ವೀಣಾ ಕರಿ ಟೊಪ್ಪಿಗೆಯಾಕೆಗೆ ಪಿಸುಮಾತಿನಲ್ಲಿ ನಿಜ ಹೇಳಿ ಕ್ಷಮೆ ಕೇಳಿದಳು. ಆಕೆ ಅಳುವಿನ ನಡುವೆಯೇ ಭುಜ ಕುಣಿಸುತ್ತ ನಕ್ಕಳು. "ಜಾರ್ಜ್ ಇದ್ದಿದ್ದರೆ ಇದನ್ನು ವರ್ಷವಿಡೀ ಹೇಳಿಕೊಂಡು ತಿರುಗುತ್ತಿದ್ದ," ಎಂದಳು. ಅಮೆರಿಕದವರು ಸೇರುವ ಚರ್ಚು ಎರಡು ರಸ್ತೆಯಾಚೆ ಎಂದು ದಾರಿಯನ್ನೂ ತೋರಿಸಿದಳು. ಹೊರಡುವ ಮುಂಚೆ ಜಾರ್ಜರ ಚಿತ್ರಕ್ಕೆ ಕೈಮುಗಿದೆ.

ಪಿನ್ನರ್, ಎರಡನೆಯ ಚರ್ಚು

ಅಲ್ಲಿ ಆರಾಧನೆ ಅರ್ಧ ಮುಗಿದಿತ್ತು. ಸಣ್ಣ ಚರ್ಚು, ಮೂವತ್ತು ಜನ. ವೇದಿಕೆಯ ಮುಂದೆ ಕುಂಬಳಕಾಯಿ, ಸೇಬು, ಮೆಕ್ಕೆಜೋಳದ ತೆನೆ, ಒಂದು ದೊಡ್ಡ ರೊಟ್ಟಿ, ಬಡವರಿಗೆ ಹಂಚಲೆಂದು ಪೇರಿಸಿದ ಅವರೆಕಾಳಿನಂಥ ಕಾಳಿನ ಡಬ್ಬಿಗಳು. ಪ್ರಾರ್ಥನೆ ನಡೆಸುತ್ತಿದ್ದವರು ಪಾದ್ರಿಯಮ್ಮ, ಹೌದು, ಹೆಂಗಸು. ನಾನು ಹುಡುಕಿದ್ದು ಒಂದೇ ಮುಖ. ಮುದುಕಿಯರು ನಾಲ್ಕೈದು ಜನ ಇದ್ದರು. ಯಾರೂ ಅವಳಾಗಿರಲಿಲ್ಲ.

ಕೆಂಪು ಸ್ವೆಟರಿನ ನಡುವಯಸ್ಸಿನವಳೊಬ್ಬಳು ಸರಿದು ನಮಗೆ ಜಾಗ ಮಾಡಿದಳು. ಹೆಲೆನ್. ನನ್ನ ಕಿವಿಯ ಹತ್ತಿರ ಬಾಗಿ ನಿಧಾನವಾಗಿ, ನನಗೆ ತಿಳಿಯುವಂತೆ ಹೇಳಿದಳು: "ಅಮ್ಮ ಇವತ್ತು ಏಳಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ. ಕ್ಷಮಿಸಿ."

ಪಾದ್ರಿಯಮ್ಮ ಆ ಹೊತ್ತಿಗೆ ಹತ್ತು ಜನ ಕುಷ್ಠರೋಗಿಗಳ ಕಥೆ ಹೇಳುತ್ತಿದ್ದರು. ಪ್ರಭುವಿನ ಮಾತಿನಿಂದ ಹತ್ತೂ ಜನರಿಗೆ ವಾಸಿಯಾಯಿತು. ಹತ್ತೂ ಜನ ಸಂತೋಷದಿಂದ ಊರಿಗೆ ಹೊರಟರು. ಒಬ್ಬ ಮಾತ್ರ ಅರ್ಧದಾರಿಯಿಂದ ಹಿಂದಿರುಗಿ ಧನ್ಯವಾದ ಹೇಳಿದ. ಅವನೂ ಹೊರಗಿನವನು, ಬೇರೆ ಜಾತಿಯವನು. "ಉಳಿದವರು ಕೆಟ್ಟವರಲ್ಲ," ಎಂದರು ಪಾದ್ರಿಯಮ್ಮ, "ಅವರಿಗೆ ಮನೆ ನೆನಪಾಯಿತು, ಅಷ್ಟೆ." ವೀಣಾ ಇದನ್ನು ಕನ್ನಡದಲ್ಲಿ ಹೇಳಿದಾಗ ನಾನು ತಲೆ ತಗ್ಗಿಸಿದೆ. ನಮಗೂ ಅವತ್ತು ಮನೆಯೇ ನೆನಪಾಗಿತ್ತು. ಆಮೇಲೆ ಅವರು ಆ ದೂರದೇಶದ ಮೂಲ ನಿವಾಸಿಗಳ ಹೆಸರೆತ್ತಿ, ಕಳೆದುಕೊಂಡವರಿಗಾಗಿಯೂ ಪ್ರಾರ್ಥಿಸಿದರು. ಎಲ್ಲರೂ ಎದ್ದು ಹಾಡಿದರು. ನನಗೆ ಪದ ಬರುತ್ತಿರಲಿಲ್ಲ. ಮುಂದಿನ ಬೆಂಚು ಹಿಡಿದು ಎದ್ದು ನಿಂತೆ, ಅಷ್ಟೇ.

ಹೊರಗೆ ಬಂದಾಗ ಹೆಲೆನ್ ನನ್ನ ಕೈ ಹಿಡಿದು, "ಆದರೂ ಬನ್ನಿ. ಊಟ ಕಾಯುತ್ತಿದೆ," ಎಂದಳು.

ಮಿಸ್ಸಮ್ಮನ ಮನೆ

ಕಿಟಕಿಯ ಪಕ್ಕ ಕುರ್ಚಿಯಲ್ಲಿ ಅವಳು ಕೂತಿದ್ದಳು! ನೋಡಿಕೊಳ್ಳುವ ನರ್ಸ್ ಈಗಷ್ಟೇ ಎಬ್ಬಿಸಿ ಕೂರಿಸಿದ್ದಳಂತೆ. ಆಸ್ಪತ್ರೆಯ ಕಂಬಿಗಳ ಆಚೆ ತುದಿಯಲ್ಲಿ ಆಕಾಶದಷ್ಟು ಎತ್ತರ ನಿಲ್ಲುತ್ತಿದ್ದ ರೂತ್ ಮಿಸ್ಸಮ್ಮ, ಈಗ ಶಾಲಿನೊಳಗೆ ಒಂದು ಹಿಡಿ. ಹೆಲೆನ್ ನನ್ನ ಹೆಸರು ಹೇಳಿದಳು. ಅವಳು ಬಹಳ ಸಭ್ಯವಾಗಿ, "ನೀವು ಬಂದದ್ದು ಸಂತೋಷ. ಚಳಿ ಜಾಸ್ತಿ, ಅಲ್ಲವೇ?" ಎಂದು ಇಂಗ್ಲಿಷಿನಲ್ಲಿ ಹೇಳಿ ಕಿಟಕಿಯ ಕಡೆ ತಿರುಗಿದಳು.

ಬಾಯಿಪಾಠ ಮಾಡಿದ ವಾಕ್ಯ ನಾಲಿಗೆಗೆ ಬರಲಿಲ್ಲ. ಅದನ್ನು ಜಾರ್ಜರ ಮನೆಯವರಿಗೆ ಕೊಟ್ಟು ಬಂದಿದ್ದೆನಲ್ಲ. ಖಣವನ್ನಾದರೂ ಮಡಿಲಿಗೆ ಇಡೋಣವೆಂದು ಕೋಣೆ ದಾಟಿ ಅವಳ ಕಡೆ ನಡೆದೆ. ಎರಡು ಹೆಜ್ಜೆ, ಮೂರು ಹೆಜ್ಜೆ. ಕ್ಯಾಲಿಪರ್ ಕಿರ್ ಎಂದಿತು. ಅವಳ ಮುಖ ತಿರುಗಿತು. ಕಣ್ಣು ನನ್ನ ಮುಖಕ್ಕಲ್ಲ, ಕಾಲಿಗೆ ನೆಟ್ಟಿತು.

"ಹಿಮ್ಮಡಿ!" ಎಂದಳು.

ಕೋಣೆಯಲ್ಲಿ ಎಲ್ಲರೂ ನಿಂತಲ್ಲೇ ನಿಂತರು.

"ಹಿಮ್ಮಡಿ ಮೊದಲ ಊರಬೇಕು. ಕಾಲಬೆರಳು ಆಮ್ಯಾಲ. ಎಷ್ಟ ಸಲ ಹೇಳೀನಿ ನಿನಗ? ತಲಿ ಮ್ಯಾಲೆತ್ತು! ನೆಲಾ ಎಲ್ಲೂ ಓಡಿ ಹೋಗೂದಿಲ್ಲ."

ಅಪ್ಪಟ ಗದಗಿನ ಕನ್ನಡ. ಹೆಲೆನ್ ಮೇಜಿನ ಅಂಚು ಹಿಡಿದುಕೊಂಡಳು. ತನ್ನ ತಾಯಿ ಈ ಭಾಷೆ ಆಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲವಂತೆ. ನಾನು ತಲೆ ಎತ್ತಿದೆ. ಹಿಮ್ಮಡಿ ಮೊದಲೂರಿ ಉಳಿದ ಹೆಜ್ಜೆ ಹಾಕಿ ಅವಳ ಮುಂದೆ ನಿಂತೆ.

"ಯಾರ ಮಗಳ ನೀ?"

"ಮಲ್ಲಪ್ಪನ ಮಗಳ್ರಿ. ಗುಳೇದಗುಡ್ಡದ ಶಾಂತಾ."

ಅವಳು ಖಣದ ಮೇಲೆ ಬೆರಳಾಡಿಸಿದಳು. ಬೆರಳು ಕುರ್ಚಿಯ ಕೈ ಮೇಲೆ ಮಗ್ಗದ ಲಯದಲ್ಲಿ ಟಕ್ ಟಕ್ ಎಂದು ಬಡಿಯತೊಡಗಿತು. ನಾನು ಹೆಜ್ಜೆ ಹಾಕಲು ಹೆದರಿದಾಗ ನಮ್ಮಪ್ಪ ವಾರ್ಡಿನಲ್ಲಿ ತೊಡೆ ತಟ್ಟುತ್ತಿದ್ದದ್ದು ಹಾಗೆಯೇ. ಅವಳು ಅದನ್ನು ನೆನಪಿಟ್ಟಿದ್ದಳೋ, ಬೆರಳುಗಳಷ್ಟೇ ನೆನಪಿಟ್ಟಿದ್ದವೋ.

ಮೇಜಿನ ಸುತ್ತ ಏಳು ಜನ: ಮಿಸ್ಸಮ್ಮ, ಹೆಲೆನ್, ಪಾದ್ರಿಯಮ್ಮ, ಪಕ್ಕದ ಮನೆಯ ಗಂಡಹೆಂಡತಿ, ವೀಣಾ, ನಾನು. ನಡುವೆ ಟರ್ಕಿ ಎಂಬ ದೊಡ್ಡ ಹಕ್ಕಿ, ಪಕ್ಕದಲ್ಲಿ ರಘುವಿನ ಹೋಳಿಗೆ. ಮಾಂಸ ತಿನ್ನದ ನನಗೆ ಸುಟ್ಟ ಕುಂಬಳ, ಮೆಕ್ಕೆಜೋಳದ ರೊಟ್ಟಿ, ಹುಳಿಹುಳಿ ಕೆಂಪು ಹಣ್ಣಿನ ಗೊಜ್ಜು. ಪಾದ್ರಿಯಮ್ಮ ಚಿಕ್ಕ ಪ್ರಾರ್ಥನೆ ಹೇಳಿದರು. ಉಣ್ಣುವ ಮೊದಲು ಪ್ರತಿಯೊಬ್ಬರೂ ತಮ್ಮ ಧನ್ಯವಾದ ಹೇಳುವುದು ಆ ಮನೆಯ ಪದ್ಧತಿ. ಪಕ್ಕದ ಮನೆಯಾತ ಆಪರೇಶನ್ ಮಾಡಿಸಿ ಹಾಕಿಸಿಕೊಂಡ ತನ್ನ ಹೊಸ ಮೊಣಕಾಲಿಗೆ ಹೇಳಿದ. ವೀಣಾ ವೀಸಾಕ್ಕೆ ಹೇಳಿದಳು, ಎಲ್ಲರೂ ನಕ್ಕರು. ನನ್ನ ಸರದಿ ಬಂತು.

"ಕನ್ನಡದಾಗ ಹೇಳು," ಎಂದಳು ಮಿಸ್ಸಮ್ಮ. "ನಾ ಇವರಿಗೆ ತಿಳಿಸಿ ಹೇಳತೇನಿ."

ಹೇಳಿದೆ. "ಆರು ವರ್ಷದ ತನಕಾ ನಾ ನೆಲದ ಮ್ಯಾಲೆ ತೆವಳತಿದ್ದೆ. ಈಕಿ ನನ್ನ ಎಬ್ಬಿಸಿ ನಿಲ್ಲಿಸಿದಳು. ನಾ ಅತ್ತರ ಬೈದಳು, ಬಿದ್ದರ ನಕ್ಕಳು, ಒಂದು ದಿನಾನೂ ಬಿಡಲಿಲ್ಲ. ಅವತ್ತ ಹೇಳದ ಹೋದೆ. ಇವತ್ತ ಹೇಳಾಕ ಬಂದೇನಿ. ನನ್ನ ಕಾಲು ಈಕಿ ಕೊಟ್ಟದ್ದು."

ಮಿಸ್ಸಮ್ಮ ಗಂಟಲು ಸರಿಮಾಡಿಕೊಂಡು ಮೇಜಿನ ಕಡೆ ತಿರುಗಿದಳು. ಇಂಗ್ಲಿಷಿನಲ್ಲಿ, ನಿಧಾನವಾಗಿ: "ಈಕೆ ತನ್ನ ತಂದೆಗೆ ಧನ್ಯವಾದ ಹೇಳುತ್ತಿದ್ದಾಳೆ, ಬಹಳ ದೂರ ಹೊತ್ತು ತಂದರು. ಮರದ ಕಂಬಿ ಮಾಡಿದ ಬಡಗಿಗೆ. ಆಸ್ಪತ್ರೆಯ ಅಡುಗೆಯವಳಿಗೆ. ದೇವರಿಗೆ."

ಅಷ್ಟೇ ಹೇಳಿ ಚಮಚ ಎತ್ತಿಕೊಂಡಳು.

ನನ್ನ ಇಂಗ್ಲಿಷ್ ಕಡಿಮೆ. ಅಷ್ಟೂ ತಿಳಿಯದಷ್ಟು ಕಡಿಮೆಯೇನಲ್ಲ. "ನೋ," ಎಂದೆ ಜೋರಾಗಿ. ಎಲ್ಲರೂ ನನ್ನತ್ತ ನೋಡಿದರು. "ಐ ಸೆಡ್ ಯು. ಯು!"

ಚಮಚ ತಟ್ಟೆಯ ಮೇಲೆ ಇಳಿಯಿತು. ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ಮೇಜಿನವರಿಗೆ, "ಧನ್ಯವಾದ ನನಗೆ ಎನ್ನುತ್ತಿದ್ದಾಳೆ," ಎಂದಳು. ನನ್ನ ಕಡೆ ತಿರುಗಿ, ವೀಣಾಳ ಹೊರತು ಬೇರೆ ಯಾರಿಗೂ ತಿಳಿಯದ ಭಾಷೆಯಲ್ಲಿ, ಮೆಲ್ಲಗೆ: "ಅಷ್ಟು ಹುಡುಗರನ್ನ ನಡಿಸಿ ಕಳಿಸಿದೆ. ಮುಂದ ನಡದ್ರೋ ಇಲ್ಲೋ ಅಂತ ಗೊತ್ತ ಆಗಲಿಲ್ಲವಾ ನನಗ. ಇಷ್ಟು ವರ್ಷ ಗೊತ್ತಿರಲಿಲ್ಲ." ಅವಳು ನನ್ನ ಮಣಿಕಟ್ಟು ಹಿಡಿದಳು. ಹಿಡಿತ ಗಟ್ಟಿಯಿತ್ತು. "ಮೆಟ್ಟಿಲಾ ಏರತಿಯೇನು?"

"ಏರತೇನ್ರಿ."

"ಬಸ್ಸು ಹತ್ತತಿ?"

"ಹತ್ತತೇನ್ರಿ."

"ಓಡತಿ?"

"ಓಡಾಕ ಬರೂದಿಲ್ರಿ ಮಿಸ್ಸಮ್ಮ."

"ಈಗ ನನಗೂ ಬರೂದಿಲ್ಲ ಬಿಡು," ಎಂದು ಅವಳು ಬಾಯಿ ತುಂಬ ನಕ್ಕಳು. ನಗುತ್ತಲೇ ಕುಂಬಳದ ತಟ್ಟೆಯನ್ನು ನನ್ನ ಮುಂದೆ ಸರಿಸಿ, "ಉಣ್ಣು," ಎಂದಳು.